ಪೊರೆ ಶಸ್ತ್ರಚಿಕಿತ್ಸೆಯ ನಂತರದ ದೃಷ್ಟಿ ಮತ್ತು ರಾತ್ರಿ ಚಾಲನೆ: ಬೆಂಗಳೂರಿನ ಇತಿಹಾಸ

ಕಣ್ಣಿನೊಳಗಿನ ಸಹಜ ಮಸೂರವು ವಯಸ್ಸು, ಮಧುಮೇಹ, ಪೆಟ್ಟು ಮೊದಲಾದ ಕಾರಣಗಳಿಂದ ಮಂಜಾಗುವುದನ್ನು ಕಣ್ಣಿನ ಪೊರೆ ಎನ್ನುತ್ತಾರೆ. ಮಂಜಾದ ಮಸೂರವನ್ನು ಬೆಳಕಿನ ದಾರಿಯಿಂದ ಸರಿಸುವ ವಿಧಾನವನ್ನು ಸುಶ್ರುತ ಸಂಹಿತೆಯೇ ವರ್ಣಿಸಿದೆ. ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿ ಅದನ್ನು ಕಣ್ಣಿನಿಂದ ಹೊರತೆಗೆಯುವ ಕ್ರಮಕ್ಕೆ ನಾಂದಿ ಹಾಡಿದನು. ಆದರೆ ಪೊರೆ ತೆಗೆದ ಮೇಲೆ ರೋಗಿಗೆ ಬೀದಿಯಲ್ಲಿ, ಅಡುಗೆಮನೆಯಲ್ಲಿ, ಕತ್ತಲಾದ ಮೇಲೆ ಎಷ್ಟು ಕಾಣುತ್ತದೆ ಎಂಬುದು ವೈದ್ಯರ ಗಂಭೀರ ಪ್ರಶ್ನೆಯಾದದ್ದು ತೀರ ಈಚೆಗೆ.

ಬೆಂಗಳೂರಿನಲ್ಲಿ ಈ ಇತಿಹಾಸ ಮಿಂಟೋ ಕಣ್ಣಿನ ಆಸ್ಪತ್ರೆಯಿಂದ ಆರಂಭವಾಗುತ್ತದೆ. 1896ರಲ್ಲಿ ಚಿಕ್ಕ ಚಿಕಿತ್ಸಾಲಯವಾಗಿ ಹುಟ್ಟಿದ ಈ ಸಂಸ್ಥೆ 1913ರಲ್ಲಿ ಚಾಮರಾಜಪೇಟೆಯ ಅಂಚಿನ ಈಗಿನ ಕಟ್ಟಡಕ್ಕೆ ಬಂದಿತು. ಶಿವನಸಮುದ್ರದ ಜಲವಿದ್ಯುತ್ತಿನಿಂದ ನಗರದ ಮೊದಲ ವಿದ್ಯುತ್ ಬೀದಿದೀಪಗಳು 1905ರಲ್ಲಿ ಹೊತ್ತಿಕೊಂಡದ್ದು ಇದರ ಸಮೀಪದಲ್ಲೇ, ಇಂದಿನ ಕೆ.ಆರ್. ಮಾರುಕಟ್ಟೆಯ ಬಳಿ. ಮುಂದೆ ಬಡಾವಣೆಗಳಾಗಿ ಬೆಳೆದ ಹನುಮಂತನಗರ, ಶ್ರೀನಗರ, ಬನಶಂಕರಿಗಳ ಜನರಿಗೂ ಹತ್ತಿರದ ಸರ್ಕಾರಿ ಕಣ್ಣಾಸ್ಪತ್ರೆ ಇದೇ ಆಯಿತು.

ಇಪ್ಪತ್ತನೆಯ ಶತಮಾನದ ನಡುಭಾಗದ ಕರ್ನಾಟಕದಲ್ಲಿ ಪೊರೆ ಚಿಕಿತ್ಸೆಯನ್ನು ಹಳ್ಳಿಹಳ್ಳಿಗೆ ಒಯ್ದವರು ಬೀಳಗಿ ಮೂಲದ ಡಾ. ಎಂ.ಸಿ. ಮೋದಿ. ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿ, ಒಂದೇ ದಿನ 833 ಶಸ್ತ್ರಚಿಕಿತ್ಸೆಗಳನ್ನು ಮಾಡಿದ ದಾಖಲೆಗೆ ಪಾತ್ರರಾದ ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ದೊರೆತವು; ಬೆಂಗಳೂರಿನ ಒಂದು ರಸ್ತೆ ಅವರ ಹೆಸರನ್ನು ಹೊತ್ತಿದೆ. ಆ ಕಾಲದ ಚಿಕಿತ್ಸೆಯ ಗುರಿ ಕುರುಡನ್ನು ನೀಗಿಸುವುದಾಗಿತ್ತು, ಅದು ನೀಗುತ್ತಲೂ ಇತ್ತು. ಉಳಿದ ಕೊರತೆಯನ್ನು ಕನ್ನಡಕ ತುಂಬಬೇಕಾಗಿತ್ತು.

ಮಸೂರವಿಲ್ಲದ ಕಣ್ಣಿಗೆ ಕೊಡುತ್ತಿದ್ದ, ಜನ ಸೋಡಾಬುಡ್ಡಿ ಎಂದು ಕರೆಯುತ್ತಿದ್ದ ಈ ದಪ್ಪ ಕನ್ನಡಕದ ಶಕ್ತಿ ಸಾಮಾನ್ಯವಾಗಿ ಪ್ಲಸ್ 10 ಡಯಾಪ್ಟರ್‌ನ ಆಸುಪಾಸು. ಡಯಾಪ್ಟರ್ ಎಂದರೆ ಬೆಳಕನ್ನು ಬಾಗಿಸುವ ಸಾಮರ್ಥ್ಯದ ಅಳತೆ. ಇದರಲ್ಲಿ ವಸ್ತುಗಳು ಶೇ. 25ರಿಂದ 30ರಷ್ಟು ದೊಡ್ಡದಾಗಿಯೂ ಇದ್ದುದಕ್ಕಿಂತ ಹತ್ತಿರದಲ್ಲಿಯೂ ತೋರುತ್ತಿದ್ದುದರಿಂದ, ಕಾಫಿಯ ಲೋಟಕ್ಕೆ ಚಾಚಿದ ಕೈ ಅಂದಾಜು ತಪ್ಪುತ್ತಿತ್ತು, ಮೆಟ್ಟಿಲು ಇಳಿಯುವ ಕಾಲು ತಡವರಿಸುತ್ತಿತ್ತು. ಒಂದೇ ಕಣ್ಣಿಗೆ ಚಿಕಿತ್ಸೆಯಾಗಿ ಇನ್ನೊಂದು ಚೆನ್ನಾಗಿದ್ದರೆ ಎರಡು ಗಾತ್ರದ ಬಿಂಬಗಳನ್ನು ಮೆದುಳು ಒಂದಾಗಿಸಿಕೊಳ್ಳಲಾಗುತ್ತಿರಲಿಲ್ಲ. ಗಾಜಿನ ಅಂಚಿನಲ್ಲಿ ಉಂಗುರದಂತೆ ಏನೂ ಕಾಣದ ಒಂದು ವಲಯವಿರುತ್ತಿತ್ತು. ಪಕ್ಕದಿಂದ ಬರುವ ಸೈಕಲ್ಲು ಅಲ್ಲಿ ಮಾಯವಾಗಿ, ಮರುಕ್ಷಣ ಮುಖದೆದುರು ಧುತ್ತೆಂದು ಎದ್ದು ನಿಲ್ಲುತ್ತಿತ್ತು. ಇಂಥ ಕಣ್ಣಿನಿಂದ ಹಗಲಲ್ಲಿ ವಾಹನ ಓಡಿಸುವುದೇ ಅಪಾಯಕರವಾಗಿದ್ದಾಗ ರಾತ್ರಿಯ ಮಾತು ಎಲ್ಲಿಂದ ಬರಬೇಕು?

ಈ ಸ್ಥಿತಿಯನ್ನು ಬದಲಿಸಿದ್ದು ಕಣ್ಣಿನೊಳಗೇ ಕೂರಿಸುವ ಕೃತಕ ಮಸೂರ. ಯುದ್ಧವಿಮಾನಗಳ ಒಡೆದ ಪ್ಲಾಸ್ಟಿಕ್ ಗವಾಕ್ಷಿಯ ಚೂರುಗಳು ಪೈಲಟ್‌ಗಳ ಕಣ್ಣಿನೊಳಗೆ ಉರಿಯೂತ ಉಂಟುಮಾಡದೆ ಉಳಿದದ್ದನ್ನು ಗಮನಿಸಿದ ಲಂಡನ್ನಿನ ಹೆರಾಲ್ಡ್ ರಿಡ್ಲೆ, 1949ರ ನವೆಂಬರ್ 29ರಂದು ಅದೇ ಬಗೆಯ ವಸ್ತುವಿನ ಮಸೂರವನ್ನು ಮೊದಲ ಬಾರಿಗೆ ರೋಗಿಯ ಕಣ್ಣಿಗೆ ಅಳವಡಿಸಿದನು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರಿ ತೆಗೆಯುವ ಫೇಕೊ ವಿಧಾನವನ್ನು ರೂಪಿಸಿದ ಮೇಲೆ ಗಾಯ ಮೂರು ಮಿಲಿಮೀಟರಿನಷ್ಟಕ್ಕೆ ಇಳಿಯುವ ದಾರಿ ತೆರೆಯಿತು. ಭಾರತದ ಮಟ್ಟಿಗೆ ನಿರ್ಣಾಯಕವಾದದ್ದು ಬೆಲೆ: 1992ರಲ್ಲಿ ಮದುರೆಯ ಅರವಿಂದ ಸಂಸ್ಥೆ ಆರಂಭಿಸಿದ ಅರೋಲ್ಯಾಬ್ ಮಸೂರವನ್ನು ಅಗ್ಗವಾಗಿಸಿತು, ಲೆನ್ಸ್ ಹಾಕಿಸಿಕೊಳ್ಳುವುದು ಸಾಮಾನ್ಯರ ಮಾತಾಯಿತು. ಡಾ. ಕೆ. ಭುಜಂಗ ಶೆಟ್ಟರು 1982ರಲ್ಲಿ ಸ್ಥಾಪಿಸಿದ ನಾರಾಯಣ ನೇತ್ರಾಲಯ, ಜಯನಗರದ ನೇತ್ರಧಾಮ ಮೊದಲಾದ ಖಾಸಗಿ ಆಸ್ಪತ್ರೆಗಳು ಇದೇ ಅವಧಿಯಲ್ಲಿ ನಗರದಲ್ಲಿ ಬೆಳೆದವು.

ಆಯ್ಕೆಗಳು ಬಂದೊಡನೆ ರಾತ್ರಿಯ ಪ್ರಶ್ನೆಯೂ ಬಂದಿತು. ಏಕಕೇಂದ್ರ ಮಸೂರವು ಒಂದೇ ದೂರಕ್ಕೆ ನೋಟವನ್ನು ಹೊಂದಿಸುತ್ತದೆ; ದೂರಕ್ಕೆ ಹೊಂದಿಸಿದರೆ ಓದಲು ಕನ್ನಡಕ ಬೇಕು. ಬಹುಕೇಂದ್ರ ಮಸೂರವು ಹತ್ತಿರ ಮತ್ತು ದೂರ ಎರಡನ್ನೂ ಕೊಡಲೆಂದು ಬೆಳಕನ್ನು ಹಂಚುತ್ತದೆ. ಅದರ ಮೇಲಿನ ಸೂಕ್ಷ್ಮ ವೃತ್ತಾಕಾರದ ಗೀರುಗಳು, ಮೊದಮೊದಲ ದ್ವಿಕೇಂದ್ರ ವಿನ್ಯಾಸಗಳಲ್ಲಿ, ದೂರಕ್ಕೆ ಸುಮಾರು ಶೇ. 41, ಹತ್ತಿರಕ್ಕೆ ಶೇ. 41 ಬೆಳಕನ್ನು ಕೊಟ್ಟು ಉಳಿದದ್ದನ್ನು ಉಪಯೋಗಕ್ಕೆ ಬಾರದಂತೆ ಚದುರಿಸುತ್ತಿದ್ದವು. ಕತ್ತಲಲ್ಲಿ ಪಾಪೆ ಅಗಲವಾದಾಗ, ಎದುರಿನ ಹೆಡ್‌ಲೈಟಿನ ಸ್ಪಷ್ಟ ಬಿಂಬದ ಸುತ್ತ ಇನ್ನೊಂದು ಕೇಂದ್ರದ ಮಸುಕು ಬಿಂಬ ಹರಡಿ ಪ್ರಭಾವಲಯವಾಗಿ ತೋರುತ್ತದೆ. ಹಲವರಲ್ಲಿ ಮೆದುಳು ಒಗ್ಗಿಕೊಂಡು ಇದು ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲರಲ್ಲೂ ಅಲ್ಲ. ಏಕಕೇಂದ್ರ ಮಸೂರದಲ್ಲೂ ಅಂಚಿಗೆ ತಾಗಿದ ಬೆಳಕು ಗೆರೆಗಳಾಗಿ ಚಿಮ್ಮಬಹುದಾದರೂ ತೊಂದರೆ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ರಾತ್ರಿ ವಾಹನ ಓಡಿಸುವುದೇ ಜೀವನೋಪಾಯವಾದ ಆಟೊ, ಕ್ಯಾಬ್ ಚಾಲಕರಿಗೆ, ದುಬಾರಿ ಮಸೂರಕ್ಕಿಂತ ದೂರಕ್ಕೆ ಹೊಂದಿಸಿದ ಸರಳ ಮಸೂರವೇ ಹೆಚ್ಚು ಸೂಕ್ತವೆನ್ನಬೇಕು.

ಪೊರೆಯೇ ಬೆಳಕನ್ನು ಚದುರಿಸುತ್ತಿದ್ದುದರಿಂದ ಚಿಕಿತ್ಸೆಯ ನಂತರ ಬಹುಪಾಲು ಜನರ ರಾತ್ರಿ ನೋಟ ಸುಧಾರಿಸುತ್ತದೆ. ಹಳದಿಗಟ್ಟಿದ ಮಸೂರ ಹೋಗಿ ನೀಲಿ ಬಣ್ಣ ಎದ್ದು ಕಾಣುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದು ದೀಪಗಳು ಮತ್ತೆ ಹರಡತೊಡಗಿದರೆ, ಮಸೂರವನ್ನು ಹಿಡಿದಿರುವ ಚೀಲದ ಹಿಂಬದಿಯ ಪದರ ಮಂಜಾಗಿರುವ ಸಂಭವವಿದ್ದು, ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಅದನ್ನು ತೆರವುಗೊಳಿಸಬಹುದು. ಕಣ್ಣಿನ ಹೊರಗಿನ ಕಾರಣಗಳೂ ಇವೆ: ಗೀರುಬಿದ್ದ ಹೆಲ್ಮೆಟ್ ಗಾಜು, ಮಳೆಯಲ್ಲಿ ಹೊಳೆಯುವ ವರ್ತುಲ ರಸ್ತೆಯ ಡಾಂಬರು, ಹೈಬೀಮ್ ಇಳಿಸದ ಎದುರು ವಾಹನ. ಇವುಗಳಿಗೆ ಯಾವ ಮಸೂರವೂ ಮದ್ದಲ್ಲ.

ಚಾಲನಾ ಪರವಾನಗಿಯ ನಿಯಮಗಳು ಈ ಇತಿಹಾಸದ ಜೊತೆ ಹೆಜ್ಜೆ ಹಾಕಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನಮೂನೆ 1ರಲ್ಲಿ ಅರ್ಜಿದಾರನು ತನ್ನ ದೃಷ್ಟಿಯ ಬಗ್ಗೆ ಘೋಷಿಸಬೇಕಾದದ್ದು, ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲೆನೇ, ತನಗೆ ಇರುಳುಗುರುಡು ಇದೆಯೇ ಎಂಬುದನ್ನು. ಕಣ್ಣು ಕೋರೈಸುವಿಕೆ ಅಥವಾ ಪ್ರಭಾವಲಯದ ಬಗ್ಗೆ ಅದರಲ್ಲಿ ಪ್ರಶ್ನೆಯಿಲ್ಲ.