ಕೊಲಾಬಾದ ನಾವಿಕರು: ಬೈಗುಳವೂ ಕಾಯಿದೆಯೂ

ಸೈನ್ಯಗಳ ಚರಿತ್ರೆಯನ್ನು ಬರೆಯುವವರು ಯುದ್ಧಕ್ಕೂ ಸಂಧಿಗೂ ಕೊಡುವ ಗಮನವನ್ನು ಸೈನಿಕರ ಆಡುಮಾತಿಗೆ ಕೊಡುವುದು ವಿರಳ. ಆದರೆ ಕಾಯಿದೆಯ ಪುಸ್ತಕ ಹೇಳದೆ ಬಿಟ್ಟ ಎಷ್ಟೋ ಸಂಗತಿಗಳು ಆ ಮಾತಿನಿಂದ ತಿಳಿದುಬರುತ್ತವೆ. 1946ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ನಾವಿಕರ ಬಂಡಾಯ ಇದಕ್ಕೆ ತಕ್ಕ ನಿದರ್ಶನ.

ಬಂದರಿನ ಬಳಕೆಯಲ್ಲಿದ್ದ ಕೆಲವು ಶಬ್ದಗಳನ್ನು ಮೊದಲು ಪರಿಶೀಲಿಸಬೇಕು. ಪಾರಸಿಯಲ್ಲಿ ‘ಲಷ್ಕರ್’ ಎಂದರೆ ಸೈನ್ಯ. ಪೋರ್ಚುಗೀಸರಲ್ಲಿ ಸ್ಥಳೀಯ ಸಿಪಾಯಿಯನ್ನು ಸೂಚಿಸಿದ ಈ ಶಬ್ದವು ಇಂಗ್ಲಿಷರ ಕಾಲಕ್ಕೆ ‘ಲಸ್ಕರ್’ ಆಗಿ, ಹಡಗಿನಲ್ಲಿ ಕಡಮೆ ಸಂಬಳಕ್ಕೆ ದುಡಿಯುವ ಏಷ್ಯದ ನಾವಿಕನಿಗೆ ನಿಂತಿತು. ಹದಿನೇಳನೆಯ ಶತಮಾನದಲ್ಲಿ ‘ಟೋಪಾಸ್’ ಎಂದರೆ ಪೋರ್ಚುಗೀಸ್ ಸಂಬಂಧದ ಕ್ರೈಸ್ತ ಸಿಪಾಯಿ. ಮುಂದೆ ನೌಕಾಪಡೆಯಲ್ಲಿ ಅದೇ ಹೆಸರು ಕಸ ಗುಡಿಸುವವನದಾಯಿತು. ‘ಕೂಲಿ’ಯ ಪಾಡಂತೂ ಕನ್ನಡಿಗರಿಗೆ ಹತ್ತಿರದ್ದು. ಇಂಗ್ಲಿಷಿನ ಆ ಶಬ್ದ ದ್ರಾವಿಡ ಮೂಲದ್ದೋ, ಪಶ್ಚಿಮ ತೀರದ ಕೋಲಿ ಜನರ ಹೆಸರಿನಿಂದ ಬಂದದ್ದೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕನ್ನಡದಲ್ಲಿ ಮಾತ್ರ ಕೂಲಿಯೆಂದರೆ ದುಡಿದವನಿಗೆ ನ್ಯಾಯವಾಗಿ ಸಲ್ಲಬೇಕಾದ ಪ್ರತಿಫಲ.

ಈ ಶಬ್ದವೇ 1946ರಲ್ಲಿ ಬೈಗುಳವಾಗಿ ಕೇಳಿಬಂದಿತು. ಕೊಲಾಬಾದ ‘ತಲವಾರ್’ ನೌಕಾಪಡೆಯ ಸಂಕೇತವಿದ್ಯೆಯ ಶಿಕ್ಷಣಕೇಂದ್ರ. ಅಲ್ಲಿಯ ಗೋಡೆಗಳ ಮೇಲೆ ಸ್ವಾತಂತ್ರ್ಯದ ಘೋಷಣೆಗಳನ್ನು ಬರೆದನೆಂದು ಬಿ. ಸಿ. ದತ್ತ ಎಂಬ ನಾವಿಕನು ಫೆಬ್ರವರಿಯ ಆರಂಭದಲ್ಲಿ ಬಂಧಿತನಾದನು. ಕೆಲವೇ ದಿನಗಳಲ್ಲಿ ಕೇಂದ್ರದ ಮುಖ್ಯಾಧಿಕಾರಿ ಕಮಾಂಡರ್ ಕಿಂಗ್ ನಾವಿಕರನ್ನು ‘ಕೂಲಿಗಳ ಮಕ್ಕಳು’, ‘ಜಂಗ್ಲಿಗಳು’ ಎಂದು ಜರೆದನು. ಹದಿನಾಲ್ಕು ಮಂದಿ ಅವನ ಮೇಲೆ ದೂರು ಕೊಟ್ಟರು. ಒಟ್ಟಾಗಿ ದೂರುವುದು ಶಿಸ್ತಿಗೆ ವಿರುದ್ಧವಾದುದರಿಂದ ಪ್ರತಿಯೊಬ್ಬನೂ ಬೇರೆಬೇರೆಯಾಗಿ ಕೊಡಬೇಕಾಯಿತು. ಆ ದೂರುಗಳು ಯಾರ ಮೇಲೆ ಇದ್ದುವೋ ಅವನ ಮುಂದೆಯೇ ಬಂದುವು. ಹೀಗೆ ವಿಧಿಬದ್ಧವಾದ ಮಾರ್ಗ ಮುಚ್ಚಿದ ಮೇಲೆ, ಕೆಟ್ಟ ಊಟದ ಅಸಮಾಧಾನವೂ ಕೂಡಿಕೊಂಡು, ಫೆಬ್ರವರಿ 18ರಂದು ನಾವಿಕರು ಊಟವನ್ನೂ ಕೆಲಸವನ್ನೂ ಬಿಟ್ಟರು.

ಅವರನ್ನು ಆಳುತ್ತಿದ್ದ ಶಾಸನ 1934ರದು. ಬ್ರಿಟನ್ನಿನ 1866ರ ನೌಕಾಶಿಸ್ತಿನ ಕಾಯಿದೆಯನ್ನೇ ಕೆಲವು ಮಾರ್ಪಾಡುಗಳೊಡನೆ ಇಲ್ಲಿಯ ಪಡೆಗೆ ಅದು ಅನ್ವಯಿಸಿತ್ತು. ಅದರ ದೃಷ್ಟಿಯಲ್ಲಿ ಒಬ್ಬನು ಮಾಡಿದರೆ ಅವಿಧೇಯತೆ, ಹಲವರು ಕೂಡಿ ಮಾಡಿದರೆ ದಂಗೆ. ಎಂ. ಎಸ್. ಖಾನ್ ಮತ್ತು ಮದನ್ ಸಿಂಗ್ ಅವರ ನಾಯಕತ್ವದ ಸಮಿತಿಯು ಇದನ್ನು ಮುಷ್ಕರವೆಂದು ಕರೆಯಿತು, ಸರಕಾರ ದಂಗೆಯೆಂದಿತು. ಹೆಸರಿನ ಈ ವ್ಯತ್ಯಾಸದಲ್ಲಿಯೇ ಶಿಕ್ಷೆಯ ಪ್ರಮಾಣ ಅಡಗಿತ್ತು. 21ರಂದು ಕ್ಯಾಸಲ್ ಬ್ಯಾರಕ್ಸಿನಲ್ಲಿ ಗುಂಡು ಹಾರಿತು. ನಾವಿಕರ ಪರವಾಗಿ ಬೀದಿಗಿಳಿದ ನಾಗರಿಕರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸರದಾರ ಪಟೇಲರ ಸಲಹೆಯಂತೆ 23ರಂದು ನಾವಿಕರು ಶರಣಾದರು. ಕೆಲಸ ಕಳೆದುಕೊಂಡವರಿಗೆ ಸ್ವತಂತ್ರ ಭಾರತದ ನೌಕಾಪಡೆಯಲ್ಲಿಯೂ ಮತ್ತೆ ಸ್ಥಾನ ದೊರೆಯಲಿಲ್ಲ.

ಸ್ವಾತಂತ್ರ್ಯಾನಂತರ ಸಂವಿಧಾನದ 33ನೆಯ ಅನುಚ್ಛೇದವು ಶಿಸ್ತಿನ ರಕ್ಷಣೆಗಾಗಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಪಾರ್ಲಿಮೆಂಟಿಗೆ ಕೊಟ್ಟಿತು. ಅದರ ನೆಳಲಿನಲ್ಲಿ ಬಂದ 1957ರ ನೌಕಾ ಕಾಯಿದೆಯಲ್ಲಿ ಇಬ್ಬರು ಕೂಡಿದರೂ ದಂಗೆಯಾಗಬಲ್ಲದು. ಆದರೆ ಅದೇ ಕಾಯಿದೆಯ 23ನೆಯ ಕಲಮು, ಮೇಲಧಿಕಾರಿಯಿಂದ ಅನ್ಯಾಯವಾಯಿತೆಂದು ತಿಳಿದವನಿಗೆ ದೂರುವ ಹಕ್ಕನ್ನು ಕೊಟ್ಟು, ಸಮಾಧಾನವಾಗದಿದ್ದರೆ ಕೇಂದ್ರ ಸರಕಾರದವರೆಗೂ ದಾರಿ ತೆರೆಯುತ್ತದೆ. 2007ರ ಶಾಸನದಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಲಿಯೂ ಏರ್ಪಟ್ಟಿತು. ಅದರ ಪೀಠವೊಂದು ಮುಂಬಯಿಯಲ್ಲಿಯೇ ಇದೆ.

ಶಿಸ್ತಿಲ್ಲದ ಪಡೆ ದೇಶಕ್ಕೆ ಅಪಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಿಸ್ತು ಕೇಳುವ ಶಾಸನವು ಕೇಳಿಸಿಕೊಳ್ಳುವ ಕಿವಿಯನ್ನೂ ಒದಗಿಸಬೇಕು. ‘ತಲವಾರ್’ನಲ್ಲಿ ಆ ಹದಿನಾಲ್ಕು ದೂರುಗಳನ್ನು ನಿಷ್ಪಕ್ಷಪಾತಿಯಾದ ಬೇರೊಬ್ಬನು ಸಕಾಲದಲ್ಲಿ ವಿಚಾರಿಸಿದ್ದರೆ, ಸ್ವಾತಂತ್ರ್ಯದ ಹಂಬಲವೇನೂ ಅಡಗುತ್ತಿರಲಿಲ್ಲ, ಆದರೆ ಒಂದು ಬೈಗುಳದ ಲೆಕ್ಕ ಮುಂಬಯಿಯ ಬೀದಿಗಳಲ್ಲಿ ತೀರಬೇಕಾಗಿ ಬರುತ್ತಿರಲಿಲ್ಲವೇನೋ.