ಅಲೆಹಲಗೆಗೆ ರೆಕ್ಕೆ ಬಂದ ಕಥೆ

ಹವಾಯಿ ದ್ವೀಪದವರ ಭಾಷೆಯಲ್ಲಿ ‘ಹೇಎ ನಲು’ ಎಂಬ ನುಡಿಯೊಂದಿದೆ. ‘ನಲು’ ಎಂದರೆ ಅಲೆ. ‘ಹೇಎ’ ಎಂದರೆ ಜಾರುವುದು. ಹಲಗೆಯೊಂದರ ಆಸರೆಯಲ್ಲಿ ಅಲೆಯ ಮೈಮೇಲೆ ದಡದತ್ತ ಜಾರಿಬರುವ ಆಟಕ್ಕೆ ಅವರಿಟ್ಟ ಹೆಸರು ಅದು. ಇಂಗ್ಲಿಷಿನವರು ಅದನ್ನೇ ಸರ್ಫಿಂಗ್ ಎಂದರು. ನಮ್ಮ ಮೂಲ್ಕಿಯ ಕಡಲಿಗೂ ಈ ಆಟ ಬಂದಿದೆ. 2016ರಲ್ಲಿ ಸಸಿಹಿತ್ಲಿನ ದಡದಲ್ಲಿ ಇದರ ರಾಷ್ಟ್ರಮಟ್ಟದ ಸ್ಪರ್ಧೆಯೂ ನಡೆಯಿತು. ಜೀವಮಾನವೆಲ್ಲ ಕಾವ್ಯ ಮತ್ತು ಛಂದಸ್ಸುಗಳ ಪಾಠ ಹೇಳಿದ ನಾನು ಈ ಆಟವನ್ನು ದಡದಲ್ಲಿ ನಿಂತು ನೋಡಬಲ್ಲೆನೇ ಹೊರತು ಆಡಬಲ್ಲವನಲ್ಲ. ಆದರೂ ಆ ಹಲಗೆಯ ತಳದಲ್ಲಿ, ಬಾಲದ ಕಡೆಗೆ, ನೀರಿನೊಳಕ್ಕೆ ಇಳಿದಿರುವ ಒಂದು ಚಿಕ್ಕ ಅಂಗ ನನ್ನ ಕುತೂಹಲವನ್ನು ಕೆರಳಿಸಿದೆ. ಮೀನಿನ ಈಜುರೆಕ್ಕೆಯನ್ನು ಹೋಲುವುದರಿಂದ ಅದಕ್ಕೆ ‘ಫಿನ್’ ಎಂದು ಹೆಸರು. ನಾನು ಇಲ್ಲಿ ರೆಕ್ಕೆ ಎಂದೇ ಕರೆಯುತ್ತೇನೆ. ಈ ರೆಕ್ಕೆ ಹುಟ್ಟಿದ ಬಗೆ, ಅದು ನಿಂತ ಜಾಗ, ಆ ಜಾಗ ಸರಿದಾಗ ಆದ ವ್ಯತ್ಯಾಸ ಇವುಗಳನ್ನು ನೋಡಿದರೆ, ‘ಸುಧಾರಣೆ’ ಎಂಬ ಮಾತನ್ನು ನಾವು ಎಷ್ಟು ಸುಲಭವಾಗಿ ಆಡಿಬಿಡುತ್ತೇವೆ ಎಂಬುದು ತಿಳಿಯುತ್ತದೆ.

ಹವಾಯಿಯ ಹಳೆಯ ಹಲಗೆಗಳಿಗೆ ರೆಕ್ಕೆಯಿರಲಿಲ್ಲ. ‘ಅಲಾಯಾ’ ಎಂಬುದು ತೆಳುವಾದ ಹಲಗೆ. ಕೋವಾ ಮರದಿಂದಲೋ, ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ಮರದಿಂದಲೋ ಅದನ್ನು ಕೆತ್ತುತ್ತಿದ್ದರು. ‘ಓಲೋ’ ಎಂಬುದು ಅರಸು ಮನೆತನದವರ ಹಲಗೆ. ಬಹಳ ಉದ್ದ, ಬಹಳ ದಪ್ಪ. ಅದಕ್ಕೆ ನಮ್ಮ ಹಾಲುವಾಣದ ಬಳಗಕ್ಕೆ ಸೇರಿದ ವಿಲಿವಿಲಿ ಎಂಬ ಹಗುರ ಮರ ಮೆಚ್ಚಿನದು. ಕ್ಯಾಪ್ಟನ್ ಕುಕ್ಕನ ನೌಕಾಯಾತ್ರೆಯಲ್ಲಿದ್ದ ಲೆಫ್ಟಿನೆಂಟ್ ಜೇಮ್ಸ್ ಕಿಂಗ್ 1779ರಲ್ಲಿ ಈ ಆಟವನ್ನು ಕಂಡು, ಬೆರಗಾಗಿ ಬರೆದಿಟ್ಟಿದ್ದಾನೆ. ರೆಕ್ಕೆಯಿಲ್ಲದ ಹಲಗೆಯನ್ನು ಸವಾರರು ಮೈಯ ಓಲಾಟದಿಂದ, ಒಂದು ಕಾಲನ್ನು ನೀರಿಗಿಳಿಸಿ ಎಳೆಯುವುದರಿಂದ, ಹಲಗೆಯ ಅಂಚನ್ನು ಅಲೆಯ ಮೈಗೆ ಕಚ್ಚಿಸುವುದರಿಂದ ನಡೆಸುತ್ತಿದ್ದರು. ಚುಕ್ಕಾಣಿ ಇದ್ದದ್ದು ಹಲಗೆಯಲ್ಲಲ್ಲ, ಸವಾರನ ಪಾದದಲ್ಲಿ.

ಈ ವಿದ್ಯೆ ಮುಂದಿನ ನೂರು ವರ್ಷಗಳಲ್ಲಿ ಅಳಿವಿನಂಚಿಗೆ ಬಂತು. 1820ರಲ್ಲಿ ಅಮೆರಿಕದಿಂದ ಬಂದ ಮಿಷನರಿಗಳಿಗೆ, ಗಂಡು ಹೆಣ್ಣು ಕೂಡಿ ಅರೆಮೈಯಲ್ಲಿ ಆಡುವ, ಪಣ ಕಟ್ಟುವ ಈ ಆಟ ಹಿಡಿಸಲಿಲ್ಲ. ಅದಕ್ಕಿಂತ ಘೋರವಾದದ್ದು ಹೊರಗಿನವರ ಹಡಗುಗಳಲ್ಲಿ ಬಂದ ರೋಗಗಳು. ಕುಕ್ಕನ ಕಾಲಕ್ಕೆ ಲಕ್ಷಗಳಲ್ಲಿ ಎಣಿಸಬಹುದಾಗಿದ್ದ ಮೂಲನಿವಾಸಿಗಳ ಸಂಖ್ಯೆ 1890ರ ಜನಗಣತಿಯ ವೇಳೆಗೆ ಸುಮಾರು 40,000ಕ್ಕೆ ಇಳಿದಿತ್ತು. ಆಡುವ ಜನವೇ ಇಲ್ಲವಾದಾಗ ಆಟ ಉಳಿಯುವುದೆಲ್ಲಿ? ಹಲಗೆ ಕೆತ್ತುವವರ ಕೈಯರಿವು, ಅಲೆಯನ್ನು ಓದುವವರ ಕಣ್ಣರಿವು ಬಹುಮಟ್ಟಿಗೆ ಅವರೊಡನೆಯೇ ಮಣ್ಣಾದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈಕೀಕಿಯ ದಡದಲ್ಲಿ ಆಟ ಮತ್ತೆ ಚಿಗುರಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿನ ಚಿನ್ನ ಗೆದ್ದ ಡ್ಯೂಕ್ ಕಹನಮೋಕು ಅದನ್ನು ಹೊರದೇಶಗಳಿಗೂ ಒಯ್ದ. ಆದರೆ ಎಳೆ ನಡುವೆ ಸವೆದದ್ದು ಸವೆದೇ ಹೋಗಿತ್ತು.

ಇಲ್ಲಿಗೆ ಟಾಮ್ ಬ್ಲೇಕ್ ಬರುತ್ತಾನೆ. ಅಮೆರಿಕದ ವಿಸ್ಕಾನ್ಸಿನ್ ಸೀಮೆಯ, ಅಂದರೆ ಕಡಲಿನಿಂದ ಬಹುದೂರದ ಹುಡುಗ. 1920ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಕಹನಮೋಕುವನ್ನು ಕಂಡು ಮಾರುಹೋದವನು. ಮುಂದೆ ಹವಾಯಿಗೆ ಹೋಗಿ, ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿದ್ದ ಪಾಕಿ ಎಂಬ ನಾಯಕನ ಓಲೋ ಹಲಗೆಗಳನ್ನು ದುರಸ್ತಿ ಮಾಡಿದ. ಅವುಗಳ ಮಾದರಿಯಲ್ಲಿ ತಾನೂ ಹಲಗೆ ಮಾಡಿದ. ಭಾರ ತಗ್ಗಿಸಲು ಒಳಗೆ ಟೊಳ್ಳಾದ ಹಲಗೆಯನ್ನು ರೂಪಿಸಿ 1932ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಹಲಗೆ ಹಗುರವಾಯಿತು, ವೇಗ ಬಂತು. ಆದರೆ ಅಲೆಗೆ ಓರೆಯಾಗಿ ಸಾಗುವಾಗ ಬಾಲ ಪಕ್ಕಕ್ಕೆ ಜಾರತೊಡಗಿತು. 1935ರಲ್ಲಿ ಬ್ಲೇಕ್, ಬಿಸಾಡಿದ್ದ ಮೋಟಾರು ದೋಣಿಯೊಂದರ ತಳದ ಲೋಹದ ಪಟ್ಟಿಯನ್ನು ತೆಗೆದುಕೊಂಡ. ಒಂದಡಿ ಉದ್ದ, ನಾಲ್ಕಂಗುಲ ಆಳದ ಪಟ್ಟಿ ಅದು. ಅದನ್ನು ಹಲಗೆಯ ಬಾಲದ ಕೆಳಗೆ ಬಿಗಿದು ವೈಕೀಕಿಯ ಅಲೆಗಿಳಿದ. ಹಲಗೆ ಜಾರದೆ ಹೇಳಿದ ಮಾತು ಕೇಳಿತು. ಅಲೆಹಲಗೆಗೆ ರೆಕ್ಕೆ ಬಂದದ್ದು ಹೀಗೆ, ಗುಜರಿಯಿಂದ.

ಅದೇ ಜಾರುವ ಬಾಲದ ಸಮಸ್ಯೆಗೆ ಇನ್ನೊಂದು ಉತ್ತರವೂ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. 1937ರಲ್ಲಿ ಹೊನೊಲುಲುವಿನ ಜಾನ್ ಕೆಲಿ ಮತ್ತು ಅವನ ಗೆಳೆಯರು ರೆಕ್ಕೆಯ ತಂಟೆಗೇ ಹೋಗಲಿಲ್ಲ. ಕೊಡಲಿ ಹಿಡಿದು ಹಲಗೆಯ ಅಗಲವಾದ ಬಾಲವನ್ನು ಕಡಿದು ಕಿರಿದಾಗಿಸಿದರು; ತಳವನ್ನು ದೋಣಿಯಂತೆ ಚೂಪಾಗಿಸಿದರು. ಆ ಬಾಲ ನೀರಿನಲ್ಲಿ ಆಳಕ್ಕೆ ಕೂತು ಕಡಿದಾದ ಅಲೆಯ ಮೈಯನ್ನೂ ಹಿಡಿಯಿತು. ಒಬ್ಬ ಹೊಸದನ್ನು ಕೂಡಿಸಿದ, ಇನ್ನೊಬ್ಬ ಇದ್ದದ್ದನ್ನು ಕಳೆದ. ಇಬ್ಬರಿಗೂ ಉತ್ತರ ದೊರೆಯಿತು. ಎರಡನೆಯ ಮಹಾಯುದ್ಧದ ತರುವಾಯ ಫೈಬರ್ ಗ್ಲಾಸ್ ಮತ್ತು ಅಂಟುರಾಳಗಳು ಕೈಗೆಟುಕಿ, ರೆಕ್ಕೆ ಅಂಟಿಸುವುದು ಸಲೀಸಾದಾಗ ಬ್ಲೇಕನ ದಾರಿ ಹೆದ್ದಾರಿಯಾಯಿತು.

ಇನ್ನು ಈ ರೆಕ್ಕೆಯಿಂದ ಸಾಧ್ಯವಾದ ಅತ್ಯಂತ ಸೊಗಸಾದ ಕಲೆಯ ಮಾತು. 1950 ಮತ್ತು 60ರ ದಶಕಗಳಲ್ಲಿ ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ‘ನೋಸ್‌ರೈಡಿಂಗ್’ ಬೆಳೆಯಿತು. ಒಂಬತ್ತು ಹತ್ತಡಿ ಉದ್ದದ ಹಲಗೆಯ ಮೇಲೆ ಸವಾರ ಹೆಜ್ಜೆಗೆ ಹೆಜ್ಜೆ ಅಡ್ಡಹಾಕಿ ನಡೆದು ಹೋಗಿ, ಅದರ ಮೂತಿಯ ತುದಿಯಲ್ಲಿ ಹತ್ತೂ ಕಾಲ್ಬೆರಳುಗಳನ್ನು ಅಂಚಿನಾಚೆ ಚಾಚಿ ನಿಲ್ಲುವುದು. ಎತ್ತಿನ ಗಾಡಿ ಕಂಡವರಿಗೆ ಒಡನೆ ಸಂದೇಹ ಬರುತ್ತದೆ. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಆಳಿನ ಭಾರವೆಲ್ಲ ತುದಿಗೆ ಬಂದಾಗ ಹಲಗೆ ಮೂತಿ ಮುಳುಗಿ ಪಲ್ಟಿಯಾಗಬೇಡವೆ? ಆಗುವುದಿಲ್ಲ, ಏಕೆಂದರೆ ಮುರಿದು ಬೀಳುವ ಅಲೆಯ ನೀರು ಹಲಗೆಯ ಬಾಲದ ಮೇಲೆ ಹರಿದು ಅದನ್ನು ಅದುಮಿ ಹಿಡಿಯುತ್ತದೆ. ಹಿಂದೆ ಕಡಲೇ ಕುಳಿತಿರುವುದರಿಂದ ಮುಂದೆ ಮನುಷ್ಯ ನಿಲ್ಲಬಲ್ಲ. ಇದಕ್ಕಾಗಿಯೇ ಮಾಡಿದ ಹಲಗೆಗಳಲ್ಲಿ ಮೂತಿಯ ತಳಕ್ಕೆ ಕೊಂಚ ತಗ್ಗು ಕೊಟ್ಟು ನೀರು ಎತ್ತಿಹಿಡಿಯುವಂತೆಯೂ, ಅಂಚುಗಳನ್ನು ದುಂಡಾಗಿಸಿ ನೀರು ಅಪ್ಪಿಕೊಂಡು ಹರಿಯುವಂತೆಯೂ ಮಾಡುತ್ತಾರೆ.

ಆದರೆ ಬಾಲವನ್ನು ಅದುಮಿದರೆ ಸಾಲದು, ಅದು ಪಕ್ಕಕ್ಕೆ ಜಾರಲೂ ಬಾರದು. ಆ ಕೆಲಸ ರೆಕ್ಕೆಯದು. ನೋಸ್‌ರೈಡಿಂಗ್ ಹಲಗೆಗೆ ಒಂಬತ್ತು ಹತ್ತಂಗುಲ ಆಳದ, ನೆಟ್ಟಗೆ ನಿಂತ, ತುದಿಯಲ್ಲಿಯೂ ಅಗಲವಾಗಿರುವ ಒಂದೇ ರೆಕ್ಕೆಯನ್ನು ಸಾಮಾನ್ಯವಾಗಿ ಬಾಲದ ಹತ್ತಿರಕ್ಕೆ ನಿಲ್ಲಿಸುತ್ತಾರೆ. ಹಿಂದಕ್ಕೆ ಸರಿಸಿದಷ್ಟೂ ಹಲಗೆ ನೇರ ನಡೆಯುತ್ತದೆ, ತಿರುಗಲು ಮೊಂಡು ಹಿಡಿಯುತ್ತದೆ. ಮುಂದಕ್ಕೆ ತಂದಷ್ಟೂ ಸುಲಭವಾಗಿ ತಿರುಗುತ್ತದೆ, ಹಿಡಿತ ಸಡಿಲುತ್ತದೆ. ಈಗಿನ ಹಲಗೆಗಳಲ್ಲಿ ರೆಕ್ಕೆಯನ್ನು ಹಿಂದೆ ಮುಂದೆ ಸರಿಸಲು ಉದ್ದನೆಯ ಗಾಡಿಯೊಂದನ್ನು ಕೊರೆದಿರುತ್ತಾರೆ. ಅದರಲ್ಲಿ ಅರ್ಧ ಅಂಗುಲ ಸರಿಸಿದರೂ ಪಳಗಿದ ಪಾದಕ್ಕೆ ಗೊತ್ತಾಗುತ್ತದೆ. ಪದ್ಯದಲ್ಲಿ ಯತಿಯ ಸ್ಥಾನ ಎರಡಕ್ಷರ ಸರಿದರೆ ನಡೆಯೇ ಬೇರೆಯಾಗುವುದನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ.

1965ರ ಜುಲೈಯಲ್ಲಿ ಕ್ಯಾಲಿಫೋರ್ನಿಯದ ವೆಂಚುರಾದಲ್ಲಿ ಟಾಮ್ ಮೋರಿ ಎಂಬಾತ ನಗದು ಬಹುಮಾನವಿಟ್ಟು ಒಂದು ಸ್ಪರ್ಧೆ ನಡೆಸಿದ. ಹಲಗೆಯ ಮುಂಭಾಗಕ್ಕೆ ಬಣ್ಣ ಬಳಿದು, ಅದರ ಮೇಲೆ ಯಾರು ಎಷ್ಟು ಕ್ಷಣ ನಿಂತರೆಂದು ಗಡಿಯಾರ ಹಿಡಿದು ಎಣಿಸಿದರು. ಮಿಕಿ ಮುನ್ಯೋಸ್ ಗೆದ್ದ. ಕಲೆಯೊಂದು ಗಡಿಯಾರದ ಮುಳ್ಳಿಗೆ ಸಿಕ್ಕಿದ್ದು ಅದರ ಏರುಗಾಲದ ಗುರುತೂ ಆಗಿತ್ತು, ಇಳಿಗಾಲದ ಮುನ್ಸೂಚನೆಯೂ ಆಗಿತ್ತು. ಮರುವರ್ಷವೇ, 1966ರಲ್ಲಿ, ಸ್ಯಾನ್ ಡಿಯಾಗೋದ ವಿಶ್ವ ಸ್ಪರ್ಧೆಯಲ್ಲಿ ನೋಸ್‌ರೈಡಿಂಗಿನ ಅಗ್ರಗಣ್ಯನಾದ ಡೇವಿಡ್ ನುವುಹಿವಾನನ್ನು ಹಿಂದಿಕ್ಕಿ ಆಸ್ಟ್ರೇಲಿಯದ ನ್ಯಾಟ್ ಯಂಗ್ ಗೆದ್ದ. ಅವನ ಹಲಗೆ ತೆಳು. ಅದರ ಕೆಳಗೆ ಜಾರ್ಜ್ ಗ್ರೀನೋ ರೂಪಿಸಿದ, ಟ್ಯೂನಾ ಮೀನಿನ ಬಾಲವನ್ನು ಅನುಸರಿಸಿದ, ಹಿಂದಕ್ಕೆ ಬಾಗಿದ ಕಿರಿಯ ರೆಕ್ಕೆ. ಮೂತಿಯ ಮೇಲೆ ನಿಶ್ಚಲವಾಗಿ ನಿಲ್ಲುವುದರ ಬದಲು ರಭಸದಿಂದ ತಿರುಗುವುದೇ ಮೇಲೆಂಬ ಅಭಿರುಚಿ ಬಂತು. ಹಲಗೆಗಳು ಗಿಡ್ಡವಾದವು. 1981ರಲ್ಲಿ ಸೈಮನ್ ಆಂಡರ್ಸನ್ ಮೂರು ರೆಕ್ಕೆಗಳ ಹಲಗೆಯೊಡನೆ ದೊಡ್ಡ ಸ್ಪರ್ಧೆಗಳನ್ನು ಗೆದ್ದ ಮೇಲಂತೂ ಒಂಟಿ ರೆಕ್ಕೆ ಹಳೆಯ ಕಾಲದ್ದೆನಿಸಿತು. ಉದ್ದ ಹಲಗೆಯನ್ನೂ ಅದರ ಹಿಂದಿನ ದೊಡ್ಡ ರೆಕ್ಕೆಯನ್ನೂ ಜನ ಮತ್ತೆ ಅಕ್ಕರೆಯಿಂದ ಹುಡುಕಿಕೊಂಡು ಬರಲು ವರ್ಷಗಳೇ ಬೇಕಾದವು.

ಈ ಕಥೆಯನ್ನು ಸಾಧಾರಣವಾಗಿ ಮೆಟ್ಟಿಲೇರಿದಂತೆ ಹೇಳುತ್ತಾರೆ: ಮೊದಲು ರೆಕ್ಕೆಯಿಲ್ಲ, ಆಮೇಲೆ ಒಂದು, ಆಮೇಲೆ ಮೂರು. ನನಗೆ ಈ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಇದಕ್ಕೆ ಬಲವಾದ ಸಾಕ್ಷಿ ಈಚಿನದೇ. ಈ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯದ ನೂಸಾದಲ್ಲಿ ಟಾಮ್ ವೆಗನರ್ ಎಂಬ ಹಲಗೆಗಾರ, ಬಿಷಪ್ ಸಂಗ್ರಹಾಲಯದ ಹಳೆಯ ಅಲಾಯಾಗಳ ಜಾಡು ಹಿಡಿದು, ರೆಕ್ಕೆಯಿಲ್ಲದ ತೆಳು ಹಲಗೆಗಳನ್ನು ಮತ್ತೆ ಮಾಡಿದ. ಸಂಗ್ರಹಾಲಯದ ಗೋಡೆಗೆ ಒರಗಿದ್ದ ಆಕಾರ ನೀರಿಗಿಳಿದಾಗ ಬಾಣದಂತೆ ಓಡಿತು. ಅಲೆಯ ಮೇಲೆ ಬೇಕೆಂದೇ ಪಕ್ಕಕ್ಕೆ ಜಾರಿ ತಿರುಗುವ ಸೊಗಸು ರೆಕ್ಕೆಯುಳ್ಳ ಹಲಗೆಗೆ ಎಟುಕುವಂಥದ್ದಲ್ಲ ಎಂದು ಸವಾರರು ಕಂಡುಕೊಂಡರು. ‘ಹೇಎ’ ಎಂಬ ಮಾತಿಗೆ ಜಾರುವುದೆಂದೇ ಅರ್ಥವಲ್ಲವೆ? ಬ್ಲೇಕ್ ಯಾವುದನ್ನು ದೋಷವೆಂದು ತಿಳಿದು ತಿದ್ದಿದನೋ, ಅದನ್ನೇ ಆ ಜನ ಆಟದ ಹೆಸರಾಗಿ ಇಟ್ಟುಕೊಂಡಿದ್ದರು.

ಬ್ಲೇಕನ ಜಾಣ್ಮೆ ಇದರಿಂದ ಕಿರಿದಾಗುವುದಿಲ್ಲ. ಅವನ ರೆಕ್ಕೆಯಿಲ್ಲದಿದ್ದರೆ ಹಲಗೆಯ ಮೂತಿಯ ಮೇಲೆ ನಿಲ್ಲುವ ಆ ಕಲೆಯನ್ನು ನಾವು ಹೀಗೆ ಕಾಣುತ್ತಿರಲಿಲ್ಲ. ಆದರೆ ಹಿಂದಿನವರ ಕೈಯಲ್ಲಿ ಒಂದು ವಸ್ತು ಇರಲಿಲ್ಲವೆಂದ ಮಾತ್ರಕ್ಕೆ ಅವರಿಗೆ ಕೊರತೆಯಿತ್ತೆಂದು ತೀರ್ಪು ಕೊಡುವ ಮೊದಲು, ಅವರಿಗೆ ಏನು ಬೇಕಾಗಿತ್ತು ಎಂದು ಕೇಳುವುದು ಚರಿತ್ರೆಕಾರನ ಮೊದಲ ಕರ್ತವ್ಯ. ಹವಾಯಿಯವರನ್ನು ಆ ಪ್ರಶ್ನೆ ಕೇಳುವ ಕಾಲಕ್ಕೆ ಉತ್ತರ ಹೇಳಬಲ್ಲವರು ಬಹುಮಂದಿ ಉಳಿದಿರಲಿಲ್ಲ. ಉಳಿದದ್ದು ಕೆಲವು ಹಲಗೆಗಳು. ಅವು ಮಾತನಾಡಲು ನೂರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.