ಒಂದೇ ಅಳತೆ, ಎರಡು ಉತ್ತರ

ಗ್ಲಾಕೋಮ ಶಸ್ತ್ರಕ್ರಿಯೆಯ ಉದ್ದೇಶ ಕಣ್ಣಿನೊಳಗಿನ ಒತ್ತಡವನ್ನು ಇಳಿಸಿ ದೃಷ್ಟಿನರವನ್ನು ಉಳಿಸುವುದು. ಆದರೆ ಆಮೇಲೆ ವಾರಗಟ್ಟಲೆ ಹಾಕುವ ಸ್ಟೀರಾಯ್ಡ್ ಹನಿ ಕೆಲವರಲ್ಲಿ ಅದೇ ಒತ್ತಡವನ್ನು ಏರಿಸಬಲ್ಲದು! ಈ ವಿಚಿತ್ರ ಜೋಡಿ ಒಂದಾದ ಬಗೆ ಹೇಗೆ?

ಅಮೆರಿಕದ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟದ್ದು 1948ರಲ್ಲಿ. ಬೇಗನೆ ಅದು ಉರಿಯೂತ ತಗ್ಗಿಸುವ ಕಣ್ಣಿನ ಹನಿಯೂ ಆಯಿತು. 1950ರ ದಶಕದಲ್ಲೇ, ಹನಿ ಹಾಕಿದ ಕೆಲವು ಕಣ್ಣುಗಳಲ್ಲಿ ಒತ್ತಡ ಏರಿದ ವರದಿಗಳು ಬಂದವು.

ಅದೇ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹಾನ್ಸ್ ಗೋಲ್ಡ್‌ಮನ್ ನಿಖರವಾದ ಒತ್ತಡಮಾಪಕವನ್ನು ರೂಪಿಸಿದರು. ಕಾರ್ನಿಯಾದ ಮೇಲೆ 3.06 ಮಿಮೀ ವ್ಯಾಸದ ವೃತ್ತವನ್ನು ಚಪ್ಪಟೆ ಮಾಡಲು ಎಷ್ಟು ಬಲ ಬೇಕೆಂದು ಇದು ಅಳೆಯುತ್ತದೆ. ಈ 3.06 ಏಕೆ? ಕಾರ್ನಿಯಾದ ಬಿಗುವು ಮತ್ತು ಕಣ್ಣೀರಿನ ಮೇಲ್ಮೈ ಎಳೆತ ಆ ಗಾತ್ರದಲ್ಲಿ ಹೆಚ್ಚುಕಡಿಮೆ ಪರಸ್ಪರ ರದ್ದಾಗುತ್ತವೆ. ಜೊತೆಗೆ, ಒಂದು ಗ್ರಾಂ ತೂಕದ ಬಲವನ್ನು ವೃತ್ತದ ವಿಸ್ತೀರ್ಣದಿಂದ ಭಾಗಿಸಿದರೆ ಸರಿಸುಮಾರು 10 ಮಿಮೀ ಪಾದರಸದ ಒತ್ತಡ ಸಿಗುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು.

1960ರ ದಶಕದಲ್ಲಿ ಆರ್ಮಲಿ ಮತ್ತು ಬೆಕರ್ ಆರೋಗ್ಯವಂತರಿಗೂ ಕೆಲವು ವಾರ ಸ್ಟೀರಾಯ್ಡ್ ಹನಿ ಹಾಕಿ ಅಳೆದರು. ಸುಮಾರು ಮೂರನೇ ಒಂದು ಭಾಗದವರಲ್ಲಿ ಮಧ್ಯಮ ಏರಿಕೆ, ಶೇ. 5ರಷ್ಟು ಜನರಲ್ಲಿ ತೀವ್ರ ಏರಿಕೆ ಕಂಡಿತು. ಗ್ಲಾಕೋಮ ಇದ್ದವರಲ್ಲಿ ಏರಿಕೆ ಇನ್ನೂ ಸಾಮಾನ್ಯ. ಕಣ್ಣಿನ ದ್ರವ ಹೊರಹೋಗುವ ಸೂಕ್ಷ್ಮ ಜಾಲಕದಲ್ಲಿ ಸ್ಟೀರಾಯ್ಡ್ ಅಡಚಣೆ ಹೆಚ್ಚಿಸುತ್ತದೆ.

1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ಟ್ರಾಬೆಕ್ಯುಲೆಕ್ಟಮಿಯನ್ನು ವಿವರಿಸಿದರು. ಕಣ್ಣಿನ ಬಿಳಿ ಗೋಡೆಯಲ್ಲಿ ಕಿರುಬಾಗಿಲು ಮಾಡಿದರೆ ದ್ರವ ಅದರ ಮೂಲಕ ಹೊರಬಂದು ಮೇಲ್ಪೊರೆಯಡಿ ಗುಳ್ಳೆಯಂತೆ ನಿಲ್ಲುತ್ತದೆ. ಇಲ್ಲಿ ಶತ್ರು ರೋಗವಲ್ಲ, ಗಾಯ ಮಾಯುವಿಕೆ! ಕಲೆಗಟ್ಟಿದರೆ ಬಾಗಿಲು ಮುಚ್ಚಿತು. ಸ್ಟೀರಾಯ್ಡ್ ಹನಿ ಪಡೆದ ಕಣ್ಣುಗಳಲ್ಲಿ ಒತ್ತಡ ಹೆಚ್ಚು ಚೆನ್ನಾಗಿ ಹತೋಟಿಯಲ್ಲಿರುತ್ತದೆ ಎಂದು 1985ರಲ್ಲಿ ಸ್ಟಾರಿಟಾ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ದ್ರವ ಹಳೆಯ ಜಾಲಕವನ್ನು ಬಳಸಿಕೊಂಡು ಹೋಗುವುದರಿಂದ ಹನಿಯ ಕೆಡುಕು ಬಹುಮಟ್ಟಿಗೆ ತಪ್ಪುತ್ತದೆ.

ಬಹುಮಟ್ಟಿಗೆ ಮಾತ್ರ, ಪೂರ್ತಿ ಅಲ್ಲ. ಮೂರನೇ ವಾರ ಮಾಪಕ 26 ತೋರಿಸಿತು ಎನ್ನೋಣ. ಕಲೆಗಟ್ಟುತ್ತಿದ್ದರೆ ಸ್ಟೀರಾಯ್ಡ್ ಹೆಚ್ಚಿಸಬೇಕು. ಹನಿಯೇ ಕಾರಣವಾದರೆ ಇಳಿಸಬೇಕು. ಸಂಖ್ಯೆ ಅಷ್ಟನ್ನು ಹೇಳದು. ಕೀಟೊರೊಲ್ಯಾಕ್‌ನಂಥ ಸ್ಟೀರಾಯ್ಡ್ ಅಲ್ಲದ ಹನಿಗಳು ಸಾಮಾನ್ಯವಾಗಿ ಒತ್ತಡ ಏರಿಸವು, ಆದರೆ ಕಲೆ ತಡೆಯಲು ಸ್ಟೀರಾಯ್ಡೇ ಮುಖ್ಯ ಮದ್ದು. ಹಾಗಾಗಿ ವೈದ್ಯರು ಮಾಪಕವನ್ನು ಸರಿಸಿ ಗುಳ್ಳೆಯನ್ನೇ ನೋಡುತ್ತಾರೆ: ಚಪ್ಪಟೆಯಾಗಿ ಕೆಂಪಾಗಿದ್ದರೆ ಕಲೆಯ ಶಂಕೆ, ಉಬ್ಬಿ ತೆಳುಬಿಳುಪಾಗಿದ್ದರೆ ಹನಿಯ ಶಂಕೆ.